ತರಕಾರಿಯಿಂದ ಬದುಕಿದ ಸ್ಟೇಕ್‌ಹೌಸ್: ಬ್ಯಾಂಕಾಕ್‌ನಲ್ಲಿ ಸಿಜ್ಲರ್

2020ರ ಸೆಪ್ಟೆಂಬರ್‌ನಲ್ಲಿ ಸಿಜ್ಲರ್ ಕಂಪನಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೇಳಿಕೊಂಡು ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 15ಕ್ಕೆ ಆಸ್ಟ್ರೇಲಿಯಾದಲ್ಲಿ ಉಳಿದಿದ್ದ ಒಂಬತ್ತು ಸಿಜ್ಲರ್‌ಗಳೂ ಒಟ್ಟಿಗೆ ಬಾಗಿಲು ಹಾಕಿದವು. ಹುಟ್ಟಿದ ಊರಲ್ಲಿ ಎಡವಿತು, ಮೂವತ್ತೈದು ವರ್ಷ ಬೇರು ಬಿಟ್ಟಿದ್ದ ಊರಲ್ಲಿ ಉಳಿಯಲೇ ಇಲ್ಲ. ಆದರೆ ಥಾಯ್ಲೆಂಡಿನಲ್ಲಿ ಅದೇ ಹೆಸರಿನ ಐವತ್ತಕ್ಕೂ ಹೆಚ್ಚು ರೆಸ್ಟೋರೆಂಟ್‌ಗಳು ನಡೆಯುತ್ತಲೇ ಇದ್ದವು. ಬ್ಯಾಂಕಾಕ್‌ನ ದೊಡ್ಡ ಮಾಲ್‌ಗಳಲ್ಲಿ ಇವತ್ತಿಗೂ ಅದು ಮನೆಮಂದಿಯೆಲ್ಲ ಹೋಗಿ ಕೂರುವ ಜಾಗ.

ಮೊದಲೇ ಒಂದು ಮಾತು. ಬೆಂಗಳೂರಿನಲ್ಲಿ ಸಿಜ್ಲರ್ ಅಂದರೆ ಕಾದ ಕಬ್ಬಿಣದ ತಟ್ಟೆಯಲ್ಲಿ ಹೊಗೆ ಬಿಡುತ್ತ ಬರುವ ತಿನಿಸು. ಇಲ್ಲಿ ಹೇಳುತ್ತಿರುವುದು ಆ ಹೆಸರಿನ ಅಮೆರಿಕನ್ ಸ್ಟೇಕ್‌ಹೌಸ್ ಕಂಪನಿಯ, ಅಂದರೆ ಮಾಂಸದ ದಪ್ಪ ತುಂಡು ಸುಟ್ಟು ಬಡಿಸುವ ಹೋಟೆಲ್ ಚೈನ್‌ನ ವಿಷಯ.

ಒಂದೇ ಬೋರ್ಡು, ಹೆಚ್ಚುಕಡಿಮೆ ಒಂದೇ ಮೆನು. ಎರಡು ಕಡೆ ಸೋತು ಒಂದು ಕಡೆ ಗೆದ್ದಿದೆ ಅಂದರೆ ಕಾರಣ ಎಲ್ಲಿರಬೇಕು? "ಥಾಯ್ ಜನರ ರುಚಿಗೆ ಹೊಂದಿಸಿಕೊಂಡರು" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುವವರು ಜಾಸ್ತಿ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಖಾರ ಹೆಚ್ಚಿಸಿ, ಮೆನುವಿನಲ್ಲಿ ಎರಡು ಸ್ಥಳೀಯ ಐಟಂ ಸೇರಿಸಿ ಬಾಗಿಲು ಹಾಕಿದ ವಿದೇಶಿ ಹೋಟೆಲ್‌ಗಳು ಬೇಕಾದಷ್ಟಿವೆ. ಬ್ಯಾಂಕಾಕ್‌ನಲ್ಲಿ ಆದದ್ದು ಬೇರೆ. ಅಮೆರಿಕದಲ್ಲಿ ಕಂಪನಿಯನ್ನು ಮುಳುಗಿಸಿದ ಸಲಾಡ್ ಬಾರ್ (ಸೊಪ್ಪು, ತರಕಾರಿ, ಹಣ್ಣು ತೆರೆದಿಟ್ಟು ಗಿರಾಕಿಯೇ ಹಾಕಿಕೊಳ್ಳುವ ಕಟ್ಟೆ) ಇಲ್ಲಿ ಅದನ್ನು ತೇಲಿಸಿತು.

ಕ್ಯಾಲಿಫೋರ್ನಿಯಾದಲ್ಲಿ ಆದದ್ದು

1958ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ ಡೆಲ್ ಮತ್ತು ಹೆಲೆನ್ ಜಾನ್ಸನ್ ದಂಪತಿ ಮೊದಲ ಸಿಜ್ಲರ್ ತೆರೆದರು. ಐಡಿಯಾ ಸರಳವಾಗಿತ್ತು. ಸ್ಟೇಕ್ ಅಂದರೆ ಸೂಟುಬೂಟು ಹಾಕಿಕೊಂಡು ಹೋಗುವ ಜಾಗದ ಊಟ, ಅದನ್ನು ಸಾಮಾನ್ಯ ಸಂಬಳದವರ ಕೈಗೆ ಎಟುಕುವಂತೆ ಮಾಡುವುದು. 1967ರಲ್ಲಿ ಕಾಲಿನ್ಸ್ ಫುಡ್ಸ್ ಎಂಬ ಅಮೆರಿಕನ್ ಕಂಪನಿ ಅದನ್ನು ಕೊಂಡಿತು. ಊರೂರಲ್ಲಿ ಶಾಖೆಗಳಾದವು. ಜೊತೆಗೆ ಸಲಾಡ್ ಬಾರ್ ಬಂತು.

1980ರ ದಶಕದ ಕೊನೆಗೆ ಆ ಸಲಾಡ್ ಬಾರ್ ಊದಿಕೊಂಡು ಬಫೆ ಆಯಿತು. ಪಾಸ್ತಾ, ಟ್ಯಾಕೋ, ಸಿಹಿತಿಂಡಿ, ಏನು ಬೇಕೋ ಅದು, ಎಷ್ಟು ಬೇಕೋ ಅಷ್ಟು. ಒಂದು ದರ ಕೊಟ್ಟು ಹೊಟ್ಟೆ ಬಿರಿಯುವಷ್ಟು ತಿನ್ನುವವರು ಮುಗಿಬಿದ್ದರು. ಇಂಥ ಗಿರಾಕಿಯ ತಾಪತ್ರಯ ಏನು ಗೊತ್ತಾ? ಅವನು ಬರುವುದೇ ರೇಟು ನೋಡಿ. ಪಕ್ಕದ ಬೀದಿಯಲ್ಲಿ ಒಂದು ಡಾಲರ್ ಕಮ್ಮಿ ಸಿಕ್ಕರೆ ಅಲ್ಲಿಗೆ ಹೋಗುತ್ತಾನೆ. ಅವನನ್ನು ಉಳಿಸಿಕೊಳ್ಳಲು ದರ ಇಳಿಸಬೇಕು. ದರ ಇಳಿಸಿದರೆ ಸಾಮಾನಿನ ಗುಣಮಟ್ಟ ಇಳಿಸಬೇಕು. ಒಳ್ಳೆಯ ಸ್ಟೇಕ್ ಬಯಸಿ ಬರುತ್ತಿದ್ದ ಹಳೆಯ ಗಿರಾಕಿ ಇದನ್ನು ನೋಡಿ ಮುಖ ಸಿಂಡರಿಸಿಕೊಂಡು ಎದ್ದ. ಅಷ್ಟು ಹೊತ್ತಿಗೆ, 1988ರಲ್ಲಿ ಶುರುವಾದ ಔಟ್‌ಬ್ಯಾಕ್ ಎಂಬ ಇನ್ನೊಂದು ಸ್ಟೇಕ್‌ಹೌಸ್ ಚೈನ್ ಅವನಿಗಾಗಿ ಕಾಯುತ್ತಿತ್ತು. ಸಿಜ್ಲರ್ ಮೇಲಿನವರಿಗೂ ಬೇಡವಾಯಿತು, ಕೆಳಗಿನವರಿಂದ ಲಾಭವೂ ಗಿಟ್ಟಲಿಲ್ಲ. 1996ರಲ್ಲಿ ಮೊದಲ ಸಲ ದಿವಾಳಿ ಕೋರ್ಟಿಗೆ ಹೋಗಿ, ನೂರಕ್ಕೂ ಹೆಚ್ಚು ಶಾಖೆಗಳನ್ನು ಮುಚ್ಚಿತು.

ಅದು ಸಾಲದು ಅಂತ 2000ದ ಜುಲೈನಲ್ಲಿ ಅಮೆರಿಕದ ಮಿಲ್ವಾಕಿ ನಗರದ ಸಿಜ್ಲರ್‌ನಲ್ಲಿ ದುರಂತ. ಅಡುಗೆಮನೆಯಲ್ಲಿ ಹಸಿ ಬೀಫ್‌ನ ಇ.ಕೋಲೈ ಬ್ಯಾಕ್ಟೀರಿಯಾ ಕತ್ತರಿಸಿದ ಕಲ್ಲಂಗಡಿಗೆ ದಾಟಿತು. ಹಣ್ಣು ಸಲಾಡ್ ಬಾರಿಗೆ ಹೋಯಿತು. ಹತ್ತಾರು ಜನ ಕಾಯಿಲೆ ಬಿದ್ದರು, ಮೂರು ವರ್ಷದ ಒಂದು ಮಗು ತೀರಿಕೊಂಡಿತು. ಮಾಂಸ ಬೆಂದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಲ್ಲಂಗಡಿಯನ್ನು ಯಾರೂ ಬೇಯಿಸುವುದಿಲ್ಲ. ಹಸಿ ಮಾಂಸ ಮತ್ತು ಹೆಚ್ಚಿದ ಹಣ್ಣು ಒಂದೇ ಸೂರಿನಡಿ ತಯಾರಾಗುವ ಯಾವುದೇ ಹೋಟೆಲಿನಲ್ಲಿ ಈ ಅಪಾಯ ಇದ್ದೇ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ಬಗೆ: 2006ರಲ್ಲಿ ಬ್ರಿಸ್ಬೇನ್‌ನ ಸಲಾಡ್ ಬಾರಿಗೆ ಯಾರೋ ಇಲಿ ಪಾಷಾಣದ ಗುಳಿಗೆ ಹಾಕಿ, ದೇಶದ ಎಲ್ಲ ಶಾಖೆಗಳ ಸಲಾಡ್ ಬಾರ್‌ಗಳನ್ನು ಕೆಲಕಾಲ ಮುಚ್ಚಬೇಕಾಯಿತು. ತೆರೆದಿಟ್ಟ ಊಟ ಅಂದರೆ ಯಾರ ಕೈ ಬೇಕಾದರೂ ತಾಗಬಹುದಾದ ಊಟ.

ಬ್ಯಾಂಕಾಕ್‌ಗೆ ತಂದವರು

1992ರಲ್ಲಿ ಸಿಜ್ಲರ್ ಅನ್ನು ಥಾಯ್ಲೆಂಡಿಗೆ ತಂದದ್ದು ಮೈನರ್ ಗುಂಪು. ಅದನ್ನು ಕಟ್ಟಿದ ವಿಲಿಯಂ ಹೈನಿಕಿ ಅಮೆರಿಕದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಬ್ಯಾಂಕಾಕ್‌ಗೆ ಬಂದವರು. ಹದಿನೇಳನೇ ವಯಸ್ಸಿಗೆ ಕಚೇರಿ ಕ್ಲೀನಿಂಗ್ ಮತ್ತು ಜಾಹೀರಾತಿನ ಕಂಪನಿ ಶುರು ಮಾಡಿದರು. ಕಾನೂನಿನ ಪ್ರಕಾರ ಆಗಿನ್ನೂ ಮೈನರ್, ಮುಂದೆ ಗುಂಪಿಗೆ ಅದನ್ನೇ ಹೆಸರಿಟ್ಟರು. 1991ರಲ್ಲಿ ಥಾಯ್ ಪೌರತ್ವ ತೆಗೆದುಕೊಂಡರು.

ಸಿಜ್ಲರ್‌ಗೆ ಮುಂಚೆ ಅವರಿಗೆ ಹನ್ನೆರಡು ವರ್ಷದ ಅನುಭವ ಇತ್ತು. 1980ರಲ್ಲಿ ಪಟ್ಟಾಯದಲ್ಲಿ ಪಿಜ್ಜಾ ಹಟ್ ತೆರೆದಾಗ, ಚೀಸ್ ತಿನ್ನದ ಜನರಿಗೆ ಪಿಜ್ಜಾ ಮಾರುತ್ತೀಯಾ ಅಂತ ನಕ್ಕವರಿದ್ದರು. ಪಿಜ್ಜಾ ಓಡಿತು. 1986ರಲ್ಲಿ ಸ್ವೆನ್ಸನ್ಸ್ ಐಸ್‌ಕ್ರೀಂ ತಂದರು, ಅದೂ ಓಡಿತು. ಹೀಗಾಗಿ ಸಿಜ್ಲರ್ ಬರುವಾಗ ಮೈನರ್ ಕೈಯಲ್ಲಿ ಮಾಲ್ ಮಾಲೀಕರ ಪರಿಚಯ, ಕೋಲ್ಡ್ ಸ್ಟೋರೇಜ್, ಸಾಮಾನು ಪೂರೈಸುವವರು, ತರಬೇತಿ ಪಡೆದ ಮ್ಯಾನೇಜರ್‌ಗಳು ಎಲ್ಲ ಇದ್ದರು. ಒಂದೇ ಮಾಲಿನಲ್ಲಿ ಒಂದೇ ಕಂಪನಿ ಮೂರ್ನಾಲ್ಕು ಬೋರ್ಡು ಹಾಕಬಲ್ಲದು ಅಂದರೆ ಬಾಡಿಗೆ ಮಾತಾಡುವಾಗ ಅದರ ಮಾತಿಗೆ ತೂಕ ಬರುತ್ತದೆ. ಹೊಸದಾಗಿ ಬರುವ ವಿದೇಶಿ ಚೈನ್‌ಗೆ ಈ ಅನುಕೂಲ ಇರುವುದಿಲ್ಲ.

ಕಾಲವೂ ಕೂಡಿಬಂದಿತ್ತು. 1980ರ ದಶಕದ ನಡುವಿನಿಂದ 1996ರವರೆಗೆ ಥಾಯ್ ಆರ್ಥಿಕತೆ ವರ್ಷಕ್ಕೆ ಶೇ 9ರ ಆಸುಪಾಸಿನಲ್ಲಿ ಬೆಳೆಯುತ್ತಿತ್ತು. ಕೈಯಲ್ಲಿ ಸಂಬಳ ಇರುವ, ವಾರಕ್ಕೊಮ್ಮೆ ಹೊರಗೆ ಉಣ್ಣುವ ಹೊಸ ಮಧ್ಯಮ ವರ್ಗ ಎದ್ದು ನಿಂತಿತ್ತು. ಮೇಲೆ ಹಾದುಹೋಗುವ ಬಿಟಿಎಸ್ ರೈಲು ಬಂದದ್ದು 1999ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಬ್ಯಾಂಕಾಕ್‌ನ ಟ್ರಾಫಿಕ್‌ನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೇ ಅರ್ಧ ದಿನದ ಕೆಲಸ. ಹೊರಗೆ ಸೆಕೆ, ರಸ್ತೆಯಲ್ಲಿ ಹೊಗೆ. ಎಸಿ ಇರುವ ಮಾಲ್‌ಗೆ ಒಮ್ಮೆ ಹೊಕ್ಕರೆ ಸಂಜೆಯವರೆಗೆ ಅಲ್ಲೇ. ಊಟವೂ ಅಲ್ಲೇ ಆಗಬೇಕು, ಅಲ್ವಾ?

ಸ್ಟೇಕ್ ಹೊಸದಲ್ಲ, ಬೀಫ್ ಎಲ್ಲರದ್ದಲ್ಲ

ಥಾಯ್ ಜನರಿಗೆ ಸ್ಟೇಕ್ ಅನ್ನು ಸಿಜ್ಲರ್ ಪರಿಚಯಿಸಿತು ಅಂದರೆ ತಪ್ಪಾಗುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕನ್ ಸೈನಿಕರು ರಜೆಗೆ ಬ್ಯಾಂಕಾಕ್‌ಗೆ ಬರುತ್ತಿದ್ದರು, ಅವರ ಹಿಂದೆಯೇ ಸ್ಟೇಕ್ ಮಾಡುವ ಹೋಟೆಲ್‌ಗಳೂ ಬಂದವು. 1969ರಲ್ಲಿ ಶುರುವಾದ ನೀಲ್ಸ್ ಟ್ಯಾವರ್ನ್ ಅಂಥದ್ದು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಹೆಸರು ಅದಕ್ಕೆ. ಇನ್ನೊಂದು ಕಡೆ, ಪಾಕ್‌ಚೋಂಗ್ ಎಂಬ ಊರಿನಲ್ಲಿ 1957ರಲ್ಲಿ ಶುರುವಾದ ಚೋಕ್‌ಚಾಯ್ ಎಂಬ ದನದ ಫಾರ್ಮ್ ಮುಂದೆ ತನ್ನದೇ ಸ್ಟೇಕ್‌ಹೌಸ್ ನಡೆಸಿತು. ಬೀದಿಬದಿಯಲ್ಲಂತೂ ಹಂದಿ ಮಾಂಸದ್ದೋ ಕೋಳಿಯದ್ದೋ ತುಂಡನ್ನು ಬಾಣಲೆಯಲ್ಲಿ ಹುರಿದು, ಒಂದಿಷ್ಟು ಫ್ರೆಂಚ್ ಫ್ರೈಸ್ ಜೊತೆ "ಸ್ಟೇಕ್" ಅಂತಲೇ ಮಾರುತ್ತಾರೆ. ಥಾಯ್ಲೆಂಡಿನಲ್ಲಿ ಸ್ಟೇಕ್ ಅಂದರೆ ಬೀಫೇ ಆಗಬೇಕು ಅಂತ ಯಾರೂ ಅಂದುಕೊಂಡಿಲ್ಲ.

ಇದರ ಹಿಂದೆ ಒಂದು ದೊಡ್ಡ ಕಾರಣ ಇದೆ. ಬ್ಯಾಂಕಾಕ್‌ನ ವ್ಯಾಪಾರಸ್ಥ, ಮಧ್ಯಮ ವರ್ಗದ ಕುಟುಂಬಗಳಲ್ಲಿ ಚೀನೀ ಮೂಲದವರು ಬಹಳ. ಕರುಣೆಯ ದೇವಿ ಕುವಾನ್ ಇಮ್‌ಗೆ ನಡೆದುಕೊಳ್ಳುವ ಮನೆಗಳಲ್ಲಿ ಬೀಫ್ ತಿನ್ನುವುದಿಲ್ಲ. ಹಂದಿ, ಕೋಳಿ, ಮೀನು ನಡೆಯುತ್ತದೆ, ದನ ಮಾತ್ರ ಬೇಡ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನದ ಜೇ ಹಬ್ಬ ಬರುತ್ತದೆ. ಆಗ ಇದೇ ಜನ ಮಾಂಸ, ಮೊಟ್ಟೆ, ಹಾಲು, ಬೆಳ್ಳುಳ್ಳಿ ಎಲ್ಲ ಬಿಡುತ್ತಾರೆ. ಅಂಗಡಿಗಳ ಮುಂದೆ ಹಳದಿ ಬಾವುಟ ನೇತಾಡುತ್ತದೆ. ನಮ್ಮಲ್ಲಿ ಶ್ರಾವಣ ಬಂತೆಂದರೆ ಮಿಲಿಟರಿ ಹೋಟೆಲ್ ಖಾಲಿ ಹೊಡೆಯುತ್ತದಲ್ಲ, ಹಾಗೆ.

ಈಗ ಒಂದು ಭಾನುವಾರದ ಟೇಬಲ್ ಯೋಚಿಸಿ. ಅಜ್ಜಿ ಬೀಫ್ ಮುಟ್ಟುವುದಿಲ್ಲ. ಮಗಳು ತೂಕ ಇಳಿಸುತ್ತಿದ್ದಾಳೆ. ಅಳಿಯನಿಗೆ ಬೀಫೇ ಬೇಕು. ಮೊಮ್ಮಗನಿಗೆ ಮ್ಯಾಕರೋನಿ ಮತ್ತು ಜೆಲ್ಲಿ ಸಿಕ್ಕರೆ ಸಾಕು. ಅಪ್ಪಟ ಅಮೆರಿಕನ್ ಸ್ಟೇಕ್‌ಹೌಸ್‌ಗೆ ಈ ಟೇಬಲ್ ಬರುವುದೇ ಇಲ್ಲ, ಯಾಕೆಂದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಅಲ್ಲಿ ತಿನ್ನಲು ಏನೂ ಇಲ್ಲದ ಒಬ್ಬರು. ಸಿಜ್ಲರ್‌ನಲ್ಲಿ ಹಂದಿ, ಕೋಳಿ, ಮೀನು, ಬೀಫ್ ನಾಲ್ಕೂ ಇವೆ, ಏನೂ ಬೇಡವಾದರೆ ಬರೀ ಸಲಾಡ್ ಬಾರ್ ಇದೆ. ಆ ಟೇಬಲ್ ಒಡೆಯುವುದಿಲ್ಲ.

ಬೀಫ್ ಒಂದನ್ನೇ ನೆಚ್ಚಿಕೊಳ್ಳದಿದ್ದದ್ದು ಲೆಕ್ಕದಲ್ಲೂ ಕೆಲಸಕ್ಕೆ ಬಂತು. ಆಮದು ಬೀಫ್ ಮೇಲೆ ಥಾಯ್ಲೆಂಡ್ ಭಾರಿ ಸುಂಕ ಹಾಕುತ್ತಿತ್ತು. 2005ರ ಜನವರಿಯಲ್ಲಿ ಆಸ್ಟ್ರೇಲಿಯಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಾಗ ಶೇ 51ರ ಸುಂಕ ಶೇ 40ಕ್ಕೆ ಇಳಿಯಿತು. ಮುಂದೆ ಹಂತಹಂತವಾಗಿ ಇಳಿದು 2020ಕ್ಕೆ ಸೊನ್ನೆಯಾಯಿತು. ಅಮೆರಿಕದ ಬೀಫ್‌ಗೆ ಆ ಭಾಗ್ಯ ಸಿಗಲಿಲ್ಲ. ಬ್ಯಾಂಕಾಕ್‌ನಲ್ಲಿ ಅಮೆರಿಕನ್ ಹೆಸರಿನ ಹೋಟೆಲ್‌ಗಳ ಮೆನುವಿನಲ್ಲೂ ಆಸ್ಟ್ರೇಲಿಯಾದ ಬೀಫ್ ಅಷ್ಟೊಂದು ಕಾಣುವುದಕ್ಕೆ ಈ ಸುಂಕದ ಲೆಕ್ಕವೂ ಒಂದು ಕಾರಣ. ಇದಕ್ಕೂ ಮುಂಚೆ, 1997ರ ಜುಲೈ 2ರಂದು ಥಾಯ್ ಹಣ ಬಾಟ್‌ನ ಬೆಲೆ ಹಿಡಿದಿಡುವುದನ್ನು ಸರ್ಕಾರ ಕೈಬಿಟ್ಟಾಗ ಇದು ಇನ್ನೂ ಸ್ಪಷ್ಟವಾಗಿತ್ತು. ಡಾಲರಿಗೆ 25 ಇದ್ದ ಬಾಟ್ ಆರು ತಿಂಗಳಲ್ಲಿ 50 ದಾಟಿತು. ಆಮದು ಮಾಂಸವನ್ನೇ ನಂಬಿದ ಹೋಟೆಲಿಗೆ ನೋಡನೋಡುತ್ತ ಖರ್ಚು ದುಪ್ಪಟ್ಟಾಗುತ್ತದೆ. ಹಂದಿ, ಕೋಳಿ, ತರಕಾರಿ ಊರಲ್ಲೇ ಬೆಳೆಯುತ್ತವೆ.

ತರಕಾರಿಯ ಹಿಂದೆಯೂ ಒಂದು ಕತೆ ಇದೆ. ಲೆಟಿಸ್‌ನಂಥವು ತಂಪು ಹವೆಯ ಬೆಳೆ, ಬ್ಯಾಂಕಾಕ್‌ನ ಬಿಸಿಲಿಗೆ ಬಾಳುವುದಿಲ್ಲ. 1969ರಲ್ಲಿ ರಾಜ ಭೂಮಿಬೋಲ್ ಉತ್ತರದ ಬೆಟ್ಟಗಳಲ್ಲಿ ರಾಯಲ್ ಪ್ರಾಜೆಕ್ಟ್ ಶುರು ಮಾಡಿದರು. ಅಫೀಮು ಬೆಳೆಯುತ್ತಿದ್ದ ಬುಡಕಟ್ಟು ರೈತರಿಗೆ ಅದರ ಬದಲು ತಂಪು ಹವೆಯ ತರಕಾರಿ, ಹಣ್ಣು ಬೆಳೆಯಲು ಕಲಿಸುವುದು ಉದ್ದೇಶ. ಸಿಜ್ಲರ್ ಬರುವಷ್ಟರಲ್ಲಿ ಚಿಯಾಂಗ್ ಮಾಯ್ ಕಡೆಯ ಬೆಟ್ಟದ ಸೊಪ್ಪು ಬ್ಯಾಂಕಾಕ್ ಮಾರುಕಟ್ಟೆಗೆ ಇಳಿಯುವ ದಾರಿ ಆಗಿತ್ತು. ಇಪ್ಪತ್ತು ವರ್ಷ ಮುಂಚೆ ಬಂದಿದ್ದರೆ ಸಲಾಡ್ ಬಾರ್ ತುಂಬಿಸುವುದೇ ಕಷ್ಟವಿತ್ತು.

ಒಂದು ಊಟ ನಡೆಯುವ ಬಗೆ

ಹೋಗಿ ಕೂರುತ್ತೀರಿ. ಆರ್ಡರ್ ಕೊಟ್ಟ ಸ್ವಲ್ಪ ಹೊತ್ತಿಗೆ ಚೀಸ್ ಟೋಸ್ಟ್ ಬರುತ್ತದೆ. ದಪ್ಪ ಬ್ರೆಡ್ಡಿನ ತುಂಡು. ಒಂದು ಬದಿಗೆ ಚೀಸ್ ಬೆರೆಸಿದ ಬೆಣ್ಣೆಯಂಥದ್ದನ್ನು ಸವರಿ, ಅದೇ ಬದಿಯನ್ನು ಕಾವಲಿಗೆ ಒತ್ತಿರುತ್ತಾರೆ. ಆ ಮೈ ಗರಿಗರಿ, ಉಪ್ಪುಪ್ಪು. ಇನ್ನೊಂದು ಮೈ ಮೆತ್ತಗೆ ಹಾಗೇ ಇರುತ್ತದೆ. ಇದು ಕ್ಯಾಲಿಫೋರ್ನಿಯಾದಿಂದ ಬಂದ ಹಳೆಯ ಐಟಂ. ಬ್ಯಾಂಕಾಕ್‌ನಲ್ಲಿ ಇದಕ್ಕೆ ಸ್ಟೇಕ್‌ಗಿಂತ ಅಭಿಮಾನಿಗಳು ಜಾಸ್ತಿ ಅಂದರೂ ತಪ್ಪಿಲ್ಲ.

ಟೋಸ್ಟ್ ಕಚ್ಚುತ್ತಲೇ ಎದ್ದು ಸಲಾಡ್ ಬಾರಿಗೆ ಹೋಗುತ್ತೀರಿ. ಐಸ್ ಮೇಲೆ ಸೊಪ್ಪುಗಳು, ಜೋಳ, ಬೀಟ್‌ರೂಟ್, ಕುಂಬಳಕಾಯಿ, ನಾಲ್ಕಾರು ಡ್ರೆಸಿಂಗ್, ಬಿಸಿ ಸೂಪ್‌ಗಳು, ಪಾಸ್ತಾ, ಹಣ್ಣು, ಜೆಲ್ಲಿ. ಎಷ್ಟು ಸಲ ಬೇಕಾದರೂ ಹೋಗಬಹುದು. ನಡುವೆ ಸ್ಟೇಕ್ ಬರುತ್ತದೆ, ಅದನ್ನು ಮುಗಿಸಿ ಮತ್ತೆ ಹಣ್ಣಿಗೆ ಏಳುತ್ತೀರಿ.

ದರ ಕಟ್ಟಿರುವ ರೀತಿಯಲ್ಲೇ ಇಡೀ ವ್ಯಾಪಾರ ಅಡಗಿದೆ. ಬರೀ ಸಲಾಡ್ ಬಾರ್‌ಗೆ ಒಂದು ದರ. ಯಾವ ಸ್ಟೇಕ್ ತೆಗೆದುಕೊಂಡರೂ ಸಲಾಡ್ ಬಾರ್ ಅದರ ಜೊತೆಗೇ ಸೇರಿರುತ್ತದೆ. ಹಾಗಾಗಿ ಗಿರಾಕಿ ಮನಸ್ಸಿನಲ್ಲಿ ಲೆಕ್ಕ ಹಾಕುವುದು "ಈ ಸ್ಟೇಕ್ ಇಷ್ಟು ದುಬಾರಿಯಾ?" ಅಂತಲ್ಲ. "ಸಲಾಡ್ ಬಾರ್ ಹೇಗೂ ತಗೋತೀನಿ, ಇನ್ನೊಂದಿಷ್ಟು ಕೊಟ್ಟರೆ ಕೋಳಿಯೂ ಬರುತ್ತೆ" ಅಂತ. ಸ್ಟೇಕ್ ಮೇಲೋಗರವಾಯಿತು, ಸಲಾಡ್ ಊಟವಾಯಿತು. ಕಂಪನಿಗೂ ಇದು ಅನುಕೂಲ: ಸೊಪ್ಪು, ಜೋಳ, ಕುಂಬಳಕಾಯಿ ಸೂಪಿನಲ್ಲಿ ಹೊಟ್ಟೆ ತುಂಬಿದವರು ದೊಡ್ಡ ಮಾಂಸದ ತುಂಡು ಕೇಳುವುದಿಲ್ಲ.

ಹಾಗಾದರೆ ಅಮೆರಿಕದಲ್ಲಿ ಯಾಕೆ ಕೈ ಸುಟ್ಟಿತು? ನನ್ನ ಪ್ರಕಾರ ಬಂದವರ ಉದ್ದೇಶ ಬೇರೆ. ಅಲ್ಲಿ ಸಲಾಡ್ ಬಾರ್ ಅಗ್ಗದ ಊಟದ ಗುರುತಾಗಿತ್ತು. ಬ್ಯಾಂಕಾಕ್‌ನಲ್ಲಿ ಅಗ್ಗದ ಊಟ ಬೇಕೆಂದರೆ ಸಿಜ್ಲರ್ ಯಾಕೆ ಬೇಕು? ಮಾಲ್‌ನಿಂದ ಕೆಳಗಿಳಿದರೆ ಫುಟ್‌ಪಾತ್‌ನಲ್ಲಿ ಕಾಲು ಭಾಗ ದುಡ್ಡಿಗೆ ರುಚಿಯಾದ ಅನ್ನ ಸಾರು ಸಿಗುತ್ತದೆ. ರೇಟು ನೋಡಿ ಬರುವವನನ್ನು ಆ ಬೀದಿಯೇ ಸೋಸಿ ಕಳಿಸಿಬಿಡುತ್ತದೆ. ಮೇಲೆ ಬಂದು ಕೂರುವವರು ಬೀದಿಯಲ್ಲಿ ಸಿಗದ್ದಕ್ಕೆ ಬರುತ್ತಾರೆ: ತೊಳೆದ ಹಸಿ ಸೊಪ್ಪು, ತಂಪಾದ ಜಾಗ, ಎರಡು ಗಂಟೆ ಕೂತು ಹರಟುವ ಟೇಬಲ್. ಇವರಿಗೆ ದರ ಇಳಿಸಬೇಕಾಗಿಲ್ಲ, ಸೊಪ್ಪು ತಾಜಾ ಇಡಬೇಕು ಅಷ್ಟೇ. ಕಂಪನಿಯೂ ತನ್ನ ಜಾಹೀರಾತಿನಲ್ಲಿ "ಆರೋಗ್ಯ"ದ ಮಾತನ್ನೇ ಹೆಚ್ಚು ಆಡಿತು. ಸ್ಟೇಕ್‌ಹೌಸ್ ಒಂದು ಡಯಟ್ ಮಾಡುವವರ ಅಡ್ಡಾ ಆದದ್ದು ಹೀಗೆ.

ಥಾಯ್ ಊಟದ ರೂಢಿಗೂ ಇದು ಹೊಂದಿತು. ಅಲ್ಲಿ ನಾಲ್ಕೈದು ಪದಾರ್ಥ ನಡುವೆ ಇಟ್ಟುಕೊಂಡು ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿಕೊಳ್ಳುತ್ತಾರೆ, ಚಮಚ ಮತ್ತು ಫೋರ್ಕ್‌ನಲ್ಲಿ ತಿನ್ನುತ್ತಾರೆ. ಒಬ್ಬರಿಗೆ ಒಂದು ದೊಡ್ಡ ತುಂಡು, ಪಕ್ಕದಲ್ಲಿ ಚೂರಿ ಅನ್ನುವುದು ಆ ರೂಢಿಗೆ ದೂರ. ಬಗೆಬಗೆಯದನ್ನು ಚೂರುಚೂರು ಹಾಕಿಕೊಳ್ಳುವ ಸಲಾಡ್ ಬಾರ್ ಅಷ್ಟು ದೂರ ಅಲ್ಲ.

ಸುಲಭದ ಕೆಲಸ ಅಂತ ಮಾತ್ರ ಅಂದುಕೊಳ್ಳಬೇಡಿ. ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ, ಬಿಸಿಯದು 60 ಡಿಗ್ರಿಗಿಂತ ಮೇಲೆ ಇರಬೇಕು, ನಡುವಿನದೆಲ್ಲ ಬ್ಯಾಕ್ಟೀರಿಯಾಕ್ಕೆ ಹಬ್ಬ. ಹತ್ತಾರು ಪಾತ್ರೆಗಳಿಗೆ ಇದನ್ನು ದಿನವಿಡೀ ಕಾಯಬೇಕು. ಬಾಡಿದ ಎಲೆ ಒಂದು ಕಂಡರೂ ಇಡೀ ಬಾರ್ ಹಳಸಲು ಅನ್ನಿಸಿಬಿಡುತ್ತದೆ, ಹಾಗಾಗಿ ಎಸೆಯುವುದು ಬಹಳ. ಜನ ತುಂಬಿರುವ ಮಾಲ್‌ನಲ್ಲಿ ಪಾತ್ರೆ ಬೇಗ ಖಾಲಿಯಾಗುತ್ತದೆ, ಹೊಸದು ಬರುತ್ತದೆ, ಎಸೆಯುವುದು ಕಮ್ಮಿಯಾಗುತ್ತದೆ. ಜನ ಕಮ್ಮಿಯಾದ ಕಡೆ ಇದೇ ಚಕ್ರ ಉಲ್ಟಾ ತಿರುಗುತ್ತದೆ. ಸೊಪ್ಪು ಬಾಡಿ, ಜನ ಇನ್ನೂ ಕಮ್ಮಿಯಾಗುತ್ತಾರೆ.

ನಮ್ಮ ಕಡೆಯಿಂದ ಹೋಗುವ ಸಸ್ಯಾಹಾರಿಗಳಿಗೊಂದು ಕಿವಿಮಾತು: 2023ರ ನವೆಂಬರ್‌ನಲ್ಲಿ ವೀಸಾ ಇಲ್ಲದೆ ಬಿಡಲು ಶುರು ಮಾಡಿದ ಮೇಲೆ ಬ್ಯಾಂಕಾಕ್‌ಗೆ ಹೋಗುವವರು ಹೆಚ್ಚಿದ್ದಾರೆ, ಸಲಾಡ್ ಬಾರ್ ನೋಡಿ ನಿಟ್ಟುಸಿರು ಬಿಡುವವರೂ ಇದ್ದಾರೆ. ಸೂಪ್ ಮತ್ತು ಡ್ರೆಸಿಂಗ್ ಮಾತ್ರ ಕೇಳಿಯೇ ಹಾಕಿಕೊಳ್ಳಿ. ತರಕಾರಿ ಸೂಪಿನಲ್ಲೂ ಕೋಳಿಯ ಸ್ಟಾಕ್ ಇರಬಹುದು, ಸೀಸರ್ ಡ್ರೆಸಿಂಗ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.

ಹೆಸರಿನ ಒಡೆಯ ಯಾರು?

ಮೈನರ್‌ಗೆ ಬೇರೆಯವರ ಹೆಸರು ಹೊತ್ತು ಓಡಾಡುವ ಅಪಾಯ ಗೊತ್ತಿತ್ತು. ಇಪ್ಪತ್ತು ವರ್ಷ ಬೆಳೆಸಿದ ಪಿಜ್ಜಾ ಹಟ್ ವಿಷಯದಲ್ಲಿ ಅದರ ಅಮೆರಿಕದ ಒಡೆಯ ಟ್ರೈಕಾನ್ ಜೊತೆ ಜಗಳವಾಗಿ, ಕೋರ್ಟು ಹತ್ತಿ, ಒಪ್ಪಂದ ಮುರಿಯಿತು. 2001ರಲ್ಲಿ ಹೈನಿಕಿ ತಮ್ಮ ಕೈಯಲ್ಲಿದ್ದ ನೂರಕ್ಕೂ ಹೆಚ್ಚು ಅಂಗಡಿಗಳ ಬೋರ್ಡು ಬದಲಿಸಿ "ದಿ ಪಿಜ್ಜಾ ಕಂಪನಿ" ಅಂತ ಸ್ವಂತ ಹೆಸರು ಹಾಕಿದರು. ಜಾಗ ಅದೇ, ಅಡುಗೆಯವರು ಅವರೇ. ಗಿರಾಕಿಗಳೂ ಬಹುಪಾಲು ಅಲ್ಲೇ ಉಳಿದರು.

ಸಿಜ್ಲರ್‌ನಲ್ಲಿ ಅಂಥ ಜಗಳ ಆಗಲಿಲ್ಲ. ಒಂದು ಕಾರಣ, ಹೆಸರಿನ ಒಡೆತನವೇ ಒಂದು ಕಡೆ ನಿಂತಿರಲಿಲ್ಲ. ಮೂಲ ಕಂಪನಿ 2005ರಲ್ಲಿ ಆಸ್ಟ್ರೇಲಿಯಾದ ಹೂಡಿಕೆದಾರರ ಕೈಗೆ ಹೋಯಿತು. 2011ರಲ್ಲಿ ಅಮೆರಿಕದ ಭಾಗವನ್ನು ಅಲ್ಲಿನ ಮ್ಯಾನೇಜರ್‌ಗಳೇ ಕೊಂಡುಕೊಂಡರು. ಏಷ್ಯಾದ ಹಕ್ಕು ಬ್ರಿಸ್ಬೇನ್‌ನ ಕಾಲಿನ್ಸ್ ಫುಡ್ಸ್ (ಹಳೆಯ ಕಾಲಿನ್ಸ್‌ನ ಆಸ್ಟ್ರೇಲಿಯಾದ ಕವಲು) ಬಳಿ ಉಳಿಯಿತು. ಅದರ ಮುಖ್ಯ ವ್ಯಾಪಾರ ಕೆಎಫ್‌ಸಿ, ಸಿಜ್ಲರ್ ಅಲ್ಲ. ಬ್ಯಾಂಕಾಕ್‌ನಲ್ಲಿ ಸೂಪಿನ ಉಪ್ಪು ಎಷ್ಟಿರಬೇಕು ಅಂತ ಅಲ್ಲಿಂದ ಕೂತು ಹೇಳಲು ಯಾರಿಗೂ ಹುರುಪಿರಲಿಲ್ಲ ಅನ್ನುವುದು ನನ್ನ ಊಹೆ. ದುರ್ಬಲ ಒಡೆಯ ಇದ್ದದ್ದು ಮೈನರ್‌ಗೆ ವರವಾಯಿತು. 2020ರಲ್ಲಿ ತನ್ನ ದೇಶದ ಒಂಬತ್ತೂ ಮುಚ್ಚುವಾಗ ಕಾಲಿನ್ಸ್ ಏಷ್ಯಾದ ಹಕ್ಕನ್ನು ಬಿಡಲಿಲ್ಲ, ಥಾಯ್ಲೆಂಡಿನಿಂದ ಬರುವ ರಾಯಲ್ಟಿ ಸುಮ್ನೆ ಬಿಡುವಂಥದ್ದಾಗಿರಲಿಲ್ಲ.

ಅದೇ 2020 ಬ್ಯಾಂಕಾಕ್‌ನಲ್ಲೂ ಸುಖದ ವರ್ಷವಲ್ಲ. ಮಾರ್ಚ್ 22ರಿಂದ ಮಾಲ್‌ಗಳು ಬಂದ್, ತೆರೆದದ್ದು ಮೇ 17ಕ್ಕೆ. ಎಲ್ಲರೂ ಒಂದೇ ಇಕ್ಕಳ ಹಿಡಿಯುವ ಸಲಾಡ್ ಬಾರ್‌ಗೆ ಕೋವಿಡ್‌ಗಿಂತ ಕೆಟ್ಟ ಕಾಲ ಬೇರೆ ಇರಲಾರದು. 2021ರ ಜೂನ್ ಕೊನೆಗೆ ಬ್ಯಾಂಕಾಕ್‌ನಲ್ಲಿ ಕೂತು ಉಣ್ಣುವುದು ಮತ್ತೆ ನಿಂತಿತು. ಮಾಲ್ ಒಳಗಿನ ಹೋಟೆಲ್‌ಗಳಿಗೆ ಕೆಲವು ದಿನ ಪಾರ್ಸೆಲ್‌ಗೂ ಅವಕಾಶ ಇರಲಿಲ್ಲ. ಹೆಚ್ಚಿನ ಶಾಖೆಗಳು ಮಾಲ್‌ನಲ್ಲಿರುವುದು ಇಷ್ಟು ವರ್ಷ ಬಲವಾಗಿತ್ತು, ಈಗ ಅದೇ ಕುತ್ತಿಗೆಗೆ ಬಂತು.

ಆಗ ಮೈನರ್ ಮಾಡಿದ್ದು ನೋಡಿ. ಸಲಾಡ್, ಸ್ಯಾಂಡ್‌ವಿಚ್, ಹಣ್ಣಿನ ರಸವನ್ನು ಡಬ್ಬಿಗೆ ಹಾಕಿ "ಸಿಜ್ಲರ್ ಟು ಗೋ" ಅಂತ ರೈಲು ನಿಲ್ದಾಣಗಳಲ್ಲಿ ಚಿಕ್ಕ ಅಂಗಡಿ ತೆರೆಯಿತು. ಆಫೀಸಿಗೆ ಹೋಗುವವರು ಒಂದು ಡಬ್ಬಿ ಎತ್ತಿಕೊಂಡು ರೈಲು ಹತ್ತುತ್ತಾರೆ. ಕೂರುವ ಜಾಗ ಬೇಡ, ದೊಡ್ಡ ಬಾಡಿಗೆ ಬೇಡ, ಗ್ರಿಲ್ಲೂ ಬೇಡ. ಚೀಸ್ ಟೋಸ್ಟ್ ಮಾತ್ರ ಡಬ್ಬಿಯಲ್ಲಿ ಅರ್ಧ ಗಂಟೆ ಕೂತರೆ ಮೆತ್ತಗಾಗುತ್ತದೆ. ಅದಕ್ಕಾಗಿ ಜನ ಇನ್ನೂ ಮಾಲ್‌ಗೇ ಹೋಗುತ್ತಾರೆ.